ಮೀಸಲು ಜೋಳ

ಬಸ್ಸು ಕೊಟ್ಟೂರು ಬಿಟ್ಟಾಗಿನಿಂದ ಕೊಟ್ರಮ್ಮ ಮಡಿಲಲ್ಲಿದ್ದ ಚೀಲದ ಬಾಯಿಂದ ಕೈ ತೆಗೆದಿರಲಿಲ್ಲ. ಒಳಗೆ ಒಂದು ಸೀರೆ, ವಿಭೂತಿ ಗಟ್ಟಿ, ರೊಟ್ಟಿಯ ಗಂಟು. ಎಲ್ಲದರ ಕೆಳಗೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಮೀಸಲು ಜೋಳ. ಧರ್ಮಸ್ಥಳಕ್ಕೆ ಹೋಗಿ ಬರ್ತೀನಿ ಎಂದು ಅತ್ತೆಗೆ ಹೇಳಿದ್ದಳು. ಅತ್ತೆಯೇ ಆ ಗಂಟು ಕಟ್ಟಿ, ಕಣ್ಣಿಗೊತ್ತಿಕೊಂಡು ಕೊಟ್ಟಿದ್ದಳು. ಧರ್ಮಸ್ಥಳಕ್ಕೂ ಮೊದಲು ಮಂಗಳೂರಿಗೆ ಹೋಗಬೇಕಾಗಿದೆ, ಅಲ್ಲಿ ಬಿಯರು ಮಾಡುವವರ ಮನೆ ಬಾಗಿಲು ತುಳಿಯಬೇಕಾಗಿದೆ ಎಂಬುದನ್ನು ಮಾತ್ರ ಅವಳು ಬಾಯಿಬಿಟ್ಟಿರಲಿಲ್ಲ.

ಇಟ್ಟಿಗಿ ಊರಿನಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದ ವರ್ಷವೇ ಕೊಟ್ರಮ್ಮ ಅತ್ತೆಯಿಂದ ಮೊಳಕೆ ಕಟ್ಟುವುದು ಕಲಿತಳು. ಜೋಳ ನೆನೆಸಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಒಣಗಿಸಿ, ಬಾಣಲೆಯಲ್ಲಿ ಘಮ್ಮೆನ್ನುವಂತೆ ಹುರಿದು, ಬೀಸಿ ಕೂಸುಗಳಿಗೆ ಹಿಟ್ಟು. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಬಾಣಂತಿಯರ ಕಡೆಯವರು ಹುಡುಕಿಕೊಂಡು ಬರುತ್ತಿದ್ದರು. ಮೊಳಕೆಯ ಮೊದಲ ಹಿಡಿ ದೇವರ ಮೀಸಲು. ಅದನ್ನು ಬೆಂಕಿಗೆ ತೋರಿಸುವಂತಿಲ್ಲ, ಯಾರೂ ಬಾಯಿಗೆ ಹಾಕುವಂತಿಲ್ಲ. ನೆರಳಲ್ಲಿ ಒಣಗಿಸಿ ಎತ್ತಿಟ್ಟು, ಯಾತ್ರೆಗೆ ಹೋಗುವವರ ಕೈಯಲ್ಲಿ ಕಳಿಸುವುದು ಆ ಮನೆಯ ಪದ್ಧತಿ.

ಹಂಪೇಶ ಅದೇ ಹಿಟ್ಟು ತಿಂದು ಬೆಳೆದವನು. ಕೊಟ್ರಮ್ಮನ ಅಕ್ಕನಿಗೆ ಎದೆಹಾಲು ಇಳಿಯದೆ ಹೋದಾಗ, ಹಗರಿಬೊಮ್ಮನಹಳ್ಳಿಯಿಂದ ಕೂಸನ್ನು ತಂದು ಇವಳ ಮಡಿಲಿಗೆ ಹಾಕಿದ್ದರು. ಈಗ ಅವನು ಮಂಗಳೂರಿನಲ್ಲಿ ಬಿಯರು ಕಾಯಿಸುವ ಕೆಲಸದಲ್ಲಿದ್ದ. ಕೊಟ್ರಮ್ಮನನ್ನು ಬಿಟ್ಟರೆ ಮನೆಯವರಿಗೆ ಗೊತ್ತಿದ್ದದ್ದು 'ಹೋಟ್ಲಾಗ ಅದಾನ' ಎಂಬಷ್ಟೇ. ನಮ್ಮ ಕಡೆಯ ಜೋಳದ ಮೊಳಕೆಯಿಂದ ಒಂದು ಹೊಸ ಬಿಯರು ಮಾಡೋಣ ಎಂದು ಮಾಲಕಿಗೆ ದುಂಬಾಲು ಬಿದ್ದು, ಚಿಗವ್ವ ಕೊಟ್ರಮ್ಮನಿಂದ ಮೊಳಕೆಯ ಎರಡು ಚೀಲ ತರಿಸಿಕೊಂಡಿದ್ದ. ಆಮೇಲೆ ಒಂದು ದಿನ ಫೋನು.

"ಚಿಗವ್ವಾ, ನೀನ ಒಮ್ಮೆ ಬಂದು ನೋಡು."

"ಏನಾತೋ? ಹುಳಾ ಬಿದ್ದೈತೇನು?"

"ಬಾ. ಬಂದ ಮ್ಯಾಲ ಹೇಳ್ತೀನಿ."

ಆವತ್ತಿನಿಂದ ಅವಳಿಗೆ ನಿದ್ದೆ ಸರಿ ಇರಲಿಲ್ಲ.

ಮಂಗಳೂರಿನಲ್ಲಿ ಇಳಿದಾಗ ಗಾಳಿಯೇ ಒದ್ದೆಯಾಗಿತ್ತು. ಇಂಥ ಗಾಳಿಯಲ್ಲಿ ಕಾಳು ಒಣಗುವುದಾದರೂ ಹೇಗೆ ಎಂದು ಅವಳಿಗೆ ಮೊದಲು ಹೊಳೆಯಿತು. ಹಂಪೇಶ ಸೊರಗಿದ್ದ. ಸ್ಕೂಟರಿನಲ್ಲಿ ಕೂರಿಸಿಕೊಂಡು, ಸಮುದ್ರದ ಕಡೆ ಗಾಜಿನ ಗೋಡೆಗಳ ಒಂದು ಜಾಗಕ್ಕೆ ಮೊದಲು ಕರೆದೊಯ್ದ. ಅದು ಅವನ ಗೆಳೆಯ ಕೆಲಸ ಮಾಡುವ ಇನ್ನೊಂದು ಬಿಯರಿನ ಮನೆ. ಬಾಗಿಲಲ್ಲಿ ಕೊಟ್ರಮ್ಮ ಸೆರಗು ಎಳೆದು ಕೊರಳ ಲಿಂಗದ ಕರಡಿಗೆ ಮುಚ್ಚಿಕೊಂಡಳು. ನಮ್ಮ ಕಡೆಯ ಲಾರಿಯವರು ಯಾರಾದರೂ ಇಲ್ಲಿದ್ದರೆ? ಕೊಟ್ಟೂರಿಗೆ ಸುದ್ದಿ ಅವಳಿಗಿಂತ ಮೊದಲೇ ತಲುಪೀತು.

ಹಂಪೇಶ ಹಂಡೆಯಿಂದ ಒಂದು ಲೋಟ ಹಿಡಿದು ತಂದ. "ಕುಡಿ."

"ಏ ಹುಚ್ಚಾ, ನನಗ ಸೆರೆ ಕುಡಿಸ್ತಿಯೇನಲೇ?"

"ಇನ್ನೂ ಸೆರೆ ಆಗಿಲ್ಲ ಚಿಗವ್ವಾ. ಬಾರ್ಲಿ ಮೊಳಕಿ ಬಿಸಿನೀರಾಗ ನೆಂದದ್ದು, ಅಷ್ಟೇ. ನಾಲಿಗಿಗೆ ಹಚ್ಚಿ ನೋಡು."

ಹಚ್ಚಿ ನೋಡಿದಳು. ಸಕ್ಕರೆ ಹಾಕದೆಯೇ ಸಿಹಿ.

"ಹಿಂಗ ಸೀ ಆಗಬೇಕು. ಆಮ್ಯಾಲೆ ಹುದುಗು," ಎಂದ ಹಂಪೇಶ. "ನಿನ್ನ ಜೋಳ ಸೀ ಆಗವಲ್ದು. ಎರಡು ಸಲ ಹಾಕಿವಿ. ಇವತ್ತೂ ಆಗಲಿಲ್ಲಂದ್ರ ಮಾಲಕಿ ನನಗ ಹಂಡೆ ಕಡಿ ಬರಬ್ಯಾಡ ಅಂದಾರ. ಬೇರೆ ಕಡಿ ಕೆಲಸ ನೋಡ್ಕೊ ಅಂದಂಗ."

ಅವಳ ಬಾಯಲ್ಲಿದ್ದ ಸಿಹಿ ಆರಿಹೋಯಿತು.

ಅವನ ಕೆಲಸದ ಜಾಗ ಊರಿನ ಹಳೇ ಭಾಗದಲ್ಲಿತ್ತು. ಮಾಲಕಿಯ ಅಜ್ಜನ ಕಾಲದ ಹಂಚಿನ ಕಾರ್ಖಾನೆ, ಈಗ ಮೊಮ್ಮಗಳು ಸುಮಲತಾ ನಡೆಸುವ ಬಿಯರಿನ ಮನೆ. ಹಂಚು ಸುಡುತ್ತಿದ್ದ ಗೂಡಿನ ಪಕ್ಕ ತಾಮ್ರದ ಹಂಡೆಗಳು ನಿಂತಿದ್ದವು. ಸುಮಲತಾ ಅವರದು ನಗುವ ಮುಖ, ಅವಸರದ ಕೈ.

"ಬನ್ನಿ ಅಮ್ಮ. ನಿಮ್ಮನ್ನು ಇಷ್ಟು ದೂರ ಯಾಕೆ ಕರೆಸಿದ ಇವ? ನಾನು ಆಗಲೇ ಹೇಳಿದೆ, ನಿಮ್ಮ ಊರಿನ ಜೋಳಕ್ಕೆ ಆ ಗುಣ ಇಲ್ಲ ಮಾರಾಯ, ಬಾರ್ಲಿಯೇ ಸಾಕು ಅಂತ."

ಕೊಟ್ರಮ್ಮನಿಗೆ ಜೋಳವನ್ನೇ ಬೈದಂತಾಯಿತು. ಹಂಡೆಯಲ್ಲಿ ಬಗ್ಗಿ ನೋಡಿದಳು. ಗಟ್ಟಿ ಅಂಬಲಿ. ಬೆರಳಿಗೆ ಹಚ್ಚಿ ನೆಕ್ಕಿದಳು. ಪರಿಚಯದ ಘಮ, ಅವಳದೇ ಬಾಣಲೆಯ ಘಮ. ಸಿಹಿ ಮಾತ್ರ ಇಲ್ಲ.

"ಚಲೋ ಐತಲ್ಲಪ್ಪಾ," ಎಂದಳು ಅಳುಕುತ್ತ. "ಹಸೀ ವಾಸನಿ ಒಂದೀಟೂ ಇಲ್ಲ."

ಹಂಪೇಶ ತಲೆ ಎತ್ತಿದ. "ಚಿಗವ್ವಾ, ಹುರದಿಯೇನು?"

"ಹುರೀದೆ? ದೂರದ ಊರಿಗೆ ಹೋಗೂದಂತ ಇನ್ನೊಂದೀಟು ಜಾಸ್ತಿನ ಹುರದೀನಿ. ಹಸೀದು ಕೊಟ್ರ ಹೊಟ್ಟಿ ಕಟ್ಟಂಗಿಲ್ಲೇನು?"

ಅವನು ಹಣೆಗೆ ಕೈ ಹಚ್ಚಿಕೊಂಡ. "ಅಯ್ಯೋ ನನ್ನವ್ವಾ! ಮೊಳಕಿ ಕಟ್ಟಿ ಒಣಗಿಸಿ ಕಳಸು ಅಂದಿದ್ದೆ. ಹುರಿಬ್ಯಾಡ ಅನ್ನೂದು ಮರತೆ. ಹುರದ್ರ ಮೊಳಕಿ ಜೀವಾನ ಹೋಗತೈತಿ. ಹಿಟ್ಟನ್ನ ಸೀ ಮಾಡೂದು ಆ ಜೀವಾನ."

"ಹಾಗಾದರೆ ಹುರಿಯದ್ದು ಇದ್ದರೆ ತೋರಿಸು," ಎಂದರು ಸುಮಲತಾ. "ಇನ್ನೊಂದು ಚೀಲ ಬರುವವರೆಗೆ ಕಾಯಲಿಕ್ಕೆ ನನ್ನಿಂದ ಆಗುದಿಲ್ಲ. ನಾಳೆ ಹಂಡೆಗೆ ಬಾರ್ಲಿ."

ಕೊಟ್ರಮ್ಮನ ಕೈ ತಾನಾಗಿ ಚೀಲದ ಬಾಯಿ ಬಿಗಿ ಹಿಡಿಯಿತು. ಬೆಂಕಿ ಕಾಣದ ಒಂದು ಹಿಡಿ ಅದರಲ್ಲಿತ್ತು. ದೇವರದು. ಅತ್ತೆ ಕಣ್ಣಿಗೊತ್ತಿಕೊಂಡದ್ದು. ಅದನ್ನು ಹೆಂಡದ ಮನೆಯಲ್ಲಿ ಬಿಚ್ಚುವುದೇ? ಮೀಸಲು ಮುರಿದ ಮನೆಗೆ ಒಳ್ಳೆಯದಾಗುವುದಿಲ್ಲ ಎನ್ನುತ್ತಿದ್ದಳು ಅತ್ತೆ. ಹಂಪೇಶನಿಗೆ ಆ ಗಂಟು ಇರುವುದು ಗೊತ್ತಿರಲಿಲ್ಲ. ಹಂಡೆಯ ಅಂಚಿಗೆ ಹತ್ತಿದ್ದ ಅಂಬಲಿಯನ್ನು ಬೆರಳಿನಿಂದ ಒರೆಸುತ್ತ ನಿಂತಿದ್ದ. ಚಿಕ್ಕಂದಿನಲ್ಲಿ ಬಟ್ಟಲು ಬರಿದಾದಾಗ ಒರೆಸುತ್ತಿದ್ದ ಹಾಗೆಯೇ.

ಅವಳು ಗಂಟು ಬಿಚ್ಚಿದಳು.

"ಇದು ಹುರಿದದ್ದಲ್ಲ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಹಂಪೇಶ ಬಟ್ಟೆಯ ಗುರುತು ಹಿಡಿದ. "ಇದು ಮೀಸಲಲ್ಲೇನು?"

"ಬೀಸು ಲಗೂನ. ಮನಸ್ಸು ಬದಲಾಗೂದ್ರಾಗ."

ಕಾಳು ತರಿಯಾಯಿತು. ಗಾಜಿನ ಭರಣಿಯಲ್ಲಿ ಬಿಸಿ ಅಂಬಲಿ ತುಂಬಿ, ತರಿ ಕಲಸಿ, ಬಿಸಿನೀರಿನಲ್ಲಿ ಇಟ್ಟರು. ಕಾಯಬೇಕು ಎಂದ ಹಂಪೇಶ. ಕೊಟ್ರಮ್ಮ ಕುರ್ಚಿ ಬೇಡವೆಂದು ಗೂಡಿನ ಕಟ್ಟೆಯ ಮೇಲೆ ಕೂತಳು. ಕರಡಿಗೆ ಹಿಡಿದುಕೊಂಡಳು, ಬಿಟ್ಟಳು. ಇಲ್ಲಿ ಹಿಡಿಯಬಹುದೋ ಬಾರದೋ ತಿಳಿಯಲಿಲ್ಲ. ಆಗದೆ ಹೋದರೆ? ದೇವರದ್ದೂ ಹೋಯಿತು, ಹುಡುಗನ ಕೆಲಸವೂ ಹೋಯಿತು. ಆದರೆ? ಆದರೂ ಅತ್ತೆಗೆ ಏನು ಹೇಳುವುದು?

ಗಟ್ಟಿಯಾಗಿದ್ದದ್ದು ಮೆಲ್ಲಗೆ ನೀರಾಗತೊಡಗಿತು. ಹಂಪೇಶ ಬಿಳಿ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಅದಕ್ಕೆ ಕಂದು ಔಷಧದ ಹನಿ ಸೇರಿಸಿದ. ಮಸಿಯಂತೆ ನೀಲಿಯಾದರೆ ಹಿಟ್ಟು ಹಿಟ್ಟಾಗಿಯೇ ಇದೆ ಎಂದು ಅರ್ಥವಂತೆ. ಮೊದಲ ಹನಿ ನೀಲಿ. ಕೊಟ್ರಮ್ಮ ಕಣ್ಣು ಮುಚ್ಚಿದಳು. ಮತ್ತೆ ಕಾದು ಇನ್ನೊಂದು ಹನಿ. ಮಬ್ಬು ನೀಲಿ. ಬಹಳ ಹೊತ್ತಿನ ಮೇಲೆ ಹಾಕಿದ ಹನಿ ಚಹಾದ ಬಣ್ಣಕ್ಕೆ ನಿಂತಿತು, ಬದಲಾಗಲಿಲ್ಲ.

ಸುಮಲತಾ ಚಮಚದಲ್ಲಿ ರುಚಿ ನೋಡಿದರು. ಇನ್ನೊಂದು ಚಮಚ. "ಎಂತ ಸಿಹಿ ಮಾರಾಯ!" ಎಂದರು. "ಹುರಿದ ಘಮವೂ ಉಂಟು. ಅಮ್ಮ, ನೀವು ಹುರಿದದ್ದು, ಹುರಿಯದ್ದು ಎರಡೂ ಥರ ಕಳಿಸಿ. ಹಂಪೇಶ, ಹಂಡೆ ತೊಳೆದು ಇಡು. ಜೋಳ ಬರುವವರೆಗೆ ಬಾರ್ಲಿ ಹಾಕುವುದು ಬೇಡ."

ಹಂಪೇಶ ಭರಣಿ ಎದೆಗೆ ಒತ್ತಿ ಹಿಡಿದು ನಕ್ಕ. ಕೊಟ್ರಮ್ಮನಿಗೆ ನಗು ಬರಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು. ಅತ್ತೆ.

"ಮುಟ್ಟಿದೇನು? ಮೀಸಲು ಒಪ್ಪಿಸಿದೇನು?"

ಹೂಂ ಎನ್ನುವುದು ಸುಲಭವಿತ್ತು. ಅವಳು ಬಿಳಿ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು.

"ಇಲ್ಲತ್ತಿ. ಗುಡಿಗೆ ಇನ್ನೂ ಹೋಗಿಲ್ಲ. ಮೀಸಲು... ಖರ್ಚಾತು."

"ಯಾರಿಗೆ ಕೊಟ್ಟಿ?"

"ಹಂಪೇಶಗ."

ಆಮೇಲೆ ಮುದುಕಿಯ ದನಿ, ಸಿಟ್ಟೋ ಅಲ್ಲವೋ ತಿಳಿಯದ ದನಿ: "ಹೊಟ್ಟಿಗಿಲ್ಲದಂಗ ಆಗೇತೇನು ಅವಂಗ?"

"ಹಂಗ ಅನ್ಕೊ ಅತ್ತಿ. ಉಳಿದದ್ದು ಮನಿಗೆ ಬಂದು ಹೇಳ್ತೀನಿ. ಎಲ್ಲಾ ಹೇಳ್ತೀನಿ."

ಫೋನು ಇಟ್ಟು ಬಟ್ಟೆ ಪೂರಾ ಬಿಚ್ಚಿ ನೋಡಿದಳು. ಬಿಳಿ ಬಟ್ಟೆಯ ಮೂಲೆಯಲ್ಲಿ ನಾಲ್ಕು ಕಾಳು ಉಳಿದಿದ್ದವು. ಅವನ್ನು ಗಂಟು ಹಾಕಿಕೊಂಡು, ಧರ್ಮಸ್ಥಳದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಸುಮಲತಾರನ್ನು ಕೇಳಿದಳು.