ಬರೀ ಅಕ್ಷರದ್ದು

ಹಿರಿಯೂರಿನ ಸೈಬರ್ ಸೆಂಟರಿನ ಅಕ್ಕ ಪ್ರತಿ ಇಮೇಲನ್ನೂ ಎರಡು ರೂಪದಲ್ಲಿ ಕಳಿಸುತ್ತಿದ್ದರು: ಒಂದು ಹೂವು, ಚಿತ್ರ ಇರುವ ಬಣ್ಣದ್ದು, ಇನ್ನೊಂದು ಬರೀ ಅಕ್ಷರದ್ದು. ಬಣ್ಣದ್ದು ತೆರೆಯದ ಫೋನಿನಲ್ಲಿ ಅಕ್ಷರದ್ದು ಕಾಣುತ್ತಿತ್ತು. "ಹೂವು ಕಾಣ್ದಿದ್ರೂ ಮಾತು ಮುಟ್ಬೇಕ್ರಿ" ಎನ್ನುತ್ತ ಬಳೆ ಹಿಂದಕ್ಕೆ ಸರಿಸಿ ಟೈಪ್ ಮಾಡಲು ಕೂರುತ್ತಿದ್ದರು.

ಅಮ್ಮನೊಂದಿಗೆ ಮಾತು ಬಿಟ್ಟಿದ್ದ ಸೋದರಮಾವನಿಗೆ ನನ್ನ ಮದುವೆಯ ಕರೆಯೋಲೆ ಕಳಿಸಬೇಕಿತ್ತು. ಬಣ್ಣದ್ದರಲ್ಲಿ ಗಣಪತಿ, ಮುಹೂರ್ತ ಎಲ್ಲ ಕೂರಿಸಿದ ಮೇಲೆ ಅಕ್ಕ ನನ್ನ ಜೊತೆ ಬಂದಿದ್ದ ಅಮ್ಮನ ಕಡೆ ತಿರುಗಿದರು. "ಅಕ್ಷರದ್ದಕ್ಕೆ ನೀವೇ ಹೇಳ್ರಿ."

ಅಮ್ಮ ಪರದೆಯ ಕಡೆ ಬಾಗಿ ಹೇಳಿದಳು: "ಹುಡುಗೀನ ಹಸೆಗೆ ಕರ್ಕಂಡ್ ಬರೋನು ನೀನೇ ಕಣೋ. ಬಾರೋ."

ಮಾವನ ಹಳೇ ಫೋನಿನಲ್ಲಿ ಅದೊಂದೇ ಕಂಡಿತಂತೆ. ಮದುವೆಯ ಹಿಂದಿನ ದಿನವೇ ಬಂದಿಳಿದ.

ಈಗಲೂ ಇಮೇಲಿನಲ್ಲಿ ಬಣ್ಣಬಣ್ಣದ ಆಮಂತ್ರಣ ಬಂದರೆ ಬರೀ ಅಕ್ಷರದ ರೂಪ ತೆರೆದು ನೋಡುತ್ತೇನೆ. "ಚಿತ್ರ ಕಾಣದಿದ್ದರೆ ಇಲ್ಲಿ ಒತ್ತಿ" ಎಂದಷ್ಟೇ ಇರುತ್ತದೆ. ಬಾ ಎಂದು ಯಾರೂ ಕರೆದಿರುವುದಿಲ್ಲ.