ತಂಪು ಗಾಳಿಗೆ ಮುಚ್ಚಬೇಕಾದ ಬಾಗಿಲು

ದರ್ಜಿ ಗೆಳೆಯರೇ, ನಮ್ಮ ಅರಿವೆ ಅಂಗಡಿಯ ಸಾಹುಕಾರರು ಕೊಟ್ಟ ಮಾತು: ಹೊಸ ಕಟ್ಟಡದಲ್ಲಿ ಗಿರಾಕಿಗಳಿಗೆ ತಂಪು ಗಾಳಿಯ ಯಂತ್ರ. ಇಲ್ಲವೆಂದದ್ದು: ಮೇಲೆ ತಗಡಿನಡಿ ಹೊಲಿಯುವ ನಮಗೆ ಒಂದು ಕಿಟಕಿ.

ಯಾವ ಯಂತ್ರ ಬೇಕೆಂದು ನೋಡಲು ಇಂದು ಮುಂಬಯಿಯ ಎಂಜಿನಿಯರ್ ಬಂದಿದ್ದ. ಬೇಸಿಗೆಯಲ್ಲಿ ಯಂತ್ರ ತಂಪನ್ನು ಎಲ್ಲಿಂದ ತರುತ್ತದೆಂಬ ಕುತೂಹಲಕ್ಕೆ ನಾವೂ ಕೆಳಗಿಳಿದೆವು.

“ಬಾಗಿಲು ಸದಾ ಮುಚ್ಚಿರಬೇಕು,” ಎಂದ ಎಂಜಿನಿಯರ್.

ಸಾಹುಕಾರರು ಗಾಬರಿಯಾದರು. “ಹಾಡಹಗಲ ಅಂಗಡಿ ಬಾಗಲಾ ಮುಚ್ಚಿದ್ರ ನಮ್ಮ ಮನ್ಯಾಗ ಯಾರೋ ಸತ್ತಾರಂತ ಮಂದಿ ಹೊಳ್ಳಿ ಹೋಗ್ತಾರ. ಇಲ್ಲಾ, ಹರತಾಳ ಅಂತಾರ.”

ನಮ್ಮ ದರ್ಜಿ ಹುಸೇನಸಾಬ ಹೇಳಿದ: “ಹಂಗಾದ್ರ ಮಷೀನ ಬ್ಯಾಡ ಬಿಡ್ರಿ ಯಪ್ಪಾ. ಮ್ಯಾಲ ನಮಗೊಂದು ಕಿಡಕಿ ಇಡಸ್ರಿ.”

“ವಿಚಾರ ಮಾಡೂಣು,” ಎಂದರು ಸಾಹುಕಾರರು.

ನಮ್ಮ ಯಾವ ಹರತಾಳಕ್ಕೂ ಬಾಗಿಲು ಹಾಕದವರು ಅವರು. ಅವರ ವಿಚಾರಕ್ಕೆ ನಾವು ನೆರವಾಗೋಣ. ಸಭೆ ಜೋರಾಪುರ ಪೇಟೆಯಲ್ಲಿ, ಗುರುವಾರ ಸಂಜೆ ಆರು ಗಂಟೆಗೆ.