ಮೆತ್ತಗೆ ಒತ್ತಿದರೆ ಇಳಿಯುವ ಬ್ರೇಕು

ಇದು ಕಟ್ಟುಕತೆಯಾಗಿದ್ದರೆ ಇದರಲ್ಲಿ ನಾನು ಸ್ವಲ್ಪವಾದರೂ ಒಳ್ಳೆಯವನಾಗಿರುತ್ತಿದ್ದೆ. ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಂಡು ಯಾರಾದರೂ ಸುಳ್ಳು ಹೇಳುತ್ತಾರಾ, ನೀವೇ ಹೇಳಿ? ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಎದುರಿಗೆ ಗಾರ್ಮೆಂಟ್ಸು, ಪಕ್ಕದಲ್ಲಿ ಲೇತ್ ಅಂಗಡಿ. ಬ್ರೇಕ್ ಕೆಲಸ ಅಂದರೆ ನಂಜುಂಡನೇ ಆಗಬೇಕು ಅಂತ ಆ ಕಡೆಯೆಲ್ಲ ನನಗೆ ಹೆಸರಿತ್ತು. ಆ ಹೆಸರು ನನ್ನ ತಲೆಗೆ ಚೆನ್ನಾಗಿಯೇ ಏರಿತ್ತು.

ಸರೋಜಕ್ಕ ತನ್ನ ಹಳೇ ಕಾರನ್ನು ನನ್ನ ಹತ್ತಿರ ತಂದದ್ದು ಆಗಲೇ. ಗೇರು ಸ್ಟೀರಿಂಗಿನ ಪಕ್ಕದಲ್ಲಿ, ಮುಂದೆ ಉದ್ದಕ್ಕೂ ಒಂದೇ ಸೀಟು, ಆ ಕಾಲದ್ದು. ಟೈಲರ್ ಆಗಿದ್ದ ಗಂಡ ಹಾರ್ಟ್ ಅಟ್ಯಾಕ್ ಆಗಿ ತೀರಿಹೋಗಿ ಒಂದು ವರ್ಷವಾಗಿತ್ತು. ಗಾರ್ಮೆಂಟ್ಸಿನಿಂದ ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಕಾರಿಗೆ ತುಂಬಿ, ಚಂದ್ರಾ ಲೇಔಟ್, ವಿಜಯನಗರದ ಮನೆಮನೆಯ ಹೆಂಗಸರಿಗೆ ಹೊಲಿಯಲು ಹಂಚಿ, ಸಂಜೆ ವಾಪಸ್ ತರುವುದು ಆಕೆಯ ಕೆಲಸ. ಇಬ್ಬರು ಮಕ್ಕಳ ಓದು, ಮನೆ ಬಾಡಿಗೆ ಎಲ್ಲ ಆ ಕಾರಿನ ಮೇಲೆಯೇ ನಡೆಯುತ್ತಿತ್ತು.

"ಬ್ರೇಕು ಹಿಡಿಯಲ್ಲ ಅಣ್ಣ. ಕಾಲಿಟ್ರೆ ಹಂಗೇ ಕೆಳಗೆ ಹೋಗ್ತಾ ಇರುತ್ತೆ... ಕೆಸರಲ್ಲಿ ಕಾಲಿಟ್ಟಂಗೆ" ಅಂದರು.

"ಯಾವಾಗ್ಲೂನಾ ಅಕ್ಕ?"

"ಇಲ್ಲ. ಒಂದೊಂದ್ಸಲ."

ಮೆಕ್ಯಾನಿಕ್‌ನ ಪ್ರಾಣ ತಿನ್ನುವ ಮಾತು ಇದು. ಒಂದೊಂದ್ಸಲ! ಗ್ಯಾರೇಜಿಗೆ ಬಂದಾಗ ಮಾತ್ರ ಗಾಡಿ ಸಾಧು ಪ್ರಾಣಿ.

ಬ್ರೇಕ್ ಆಯಿಲ್ ನೋಡಿದೆ, ಒಂದು ಹನಿ ಕಮ್ಮಿಯಾಗಿರಲಿಲ್ಲ. ನಾಲ್ಕು ಚಕ್ರದ ಬ್ರೇಕ್ ಲೈನರ್ ಸವೆದಿದೆಯಾ ನೋಡಿದೆ, ಪೈಪಿನ ಗಾಳಿ ತೆಗೆದೆ. ಆಮೇಲೆ ಟ್ರಯಲ್. ನಮ್ಮ ಕಸುಬಿನಲ್ಲಿ ಬ್ರೇಕ್ ಪರೀಕ್ಷೆ ಅಂದರೆ ಒಂದೇ. ಗಾಡಿಯನ್ನು ನಲವತ್ತಕ್ಕೆ ಓಡಿಸಿ ಧಡ್ ಅಂತ ತುಳಿಯುವುದು. ಟೈರು ಕಿರ್ರ್ ಅಂದು ರಸ್ತೆ ಮೇಲೆ ಕರಿ ಗೆರೆ ಬಿದ್ದರೆ ಪಾಸು. ಆ ಕಾರು ಪ್ರತಿ ಸಲವೂ ಪಾಸಾಯಿತು. ಸರೋಜಕ್ಕ ಮಾತ್ರ ಎರಡು ವಾರಕ್ಕೊಮ್ಮೆ ಅದೇ ದೂರು ಹೊತ್ತುಕೊಂಡು ಬರುತ್ತಿದ್ದರು.

ಮೂರನೇ ಸಲ ಮೈದುನ ಗಿರೀಶನೂ ಜೊತೆಗೆ ಬಂದ. ನನಗೆ ರೇಗಿಹೋಗಿತ್ತು. ಲೇತ್ ಅಂಗಡಿಯವರ ಎದುರಿಗೇ ಅಂದುಬಿಟ್ಟೆ.

"ಬ್ರೇಕು ಕಲ್ಲಿನಂಗಿದೆ. ಪ್ರಾಬ್ಲಮ್ ಇರೋದು ಅಕ್ಕನ ಕಾಲಲ್ಲಿ. ಹೊಲಿಗೆ ಮಿಷನ್ ತುಳಿಯೋ ಕಾಲು, ಕಾರ್ ತುಳಿಯೋಕೆ ಬರುತ್ತಾ?"

ಎಲ್ಲರೂ ನಕ್ಕರು. ಸರೋಜಕ್ಕನ ಮುಖ ಕೆಂಪಾಯಿತು.

"ಮಿಷನ್ ತುಳಿದಂಗೆ ಮೆತ್ತಗೆ ತುಳಿ ಅಂತ ನಮ್ಮೆಜಮಾನ್ರೇ ಹೇಳ್ಕೊಟ್ಟಿದ್ದು" ಅಂದರು ಸಣ್ಣ ದನಿಯಲ್ಲಿ.

ಗಿರೀಶ ಕಾಯುತ್ತಿದ್ದದ್ದೇ ಇದಕ್ಕೆ. "ಕೇಳಿದ್ರಾ ಅತ್ತಿಗೆ? ಮೆಕ್ಯಾನಿಕ್ಕೇ ಹೇಳ್ಬಿಟ್ರು. ನಮ್ಮಣ್ಣನ ಕಾರು, ಇನ್ಮೇಲೆ ನನ್ನ ಹತ್ರ ಇರಲಿ. ಎಲ್ಲಾದ್ರೂ ಗುದ್ದಿ ಮಕ್ಕಳನ್ನ ತಬ್ಬಲಿ ಮಾಡ್ಬೇಡಿ."

ಸರೋಜಕ್ಕ ನನ್ನ ಕಡೆ ತಿರುಗಿದರು. "ಇನ್ನೊಂದೇ ಒಂದ್ಸಲ ನೋಡಿ ಅಣ್ಣ. ತಪ್ಪು ಬ್ರೇಕ್‌ದು ಅಂತ ನಿಮ್ಮ ಬಾಯಲ್ಲಿ ಬಂದ್ರೆ ಮಾತ್ರ ಕಾರು ನನಗೆ ಉಳಿಯೋದು."

ನಾಳೆ ಬೆಳಿಗ್ಗೆ ತೀರ್ಮಾನವಾಗಲಿ ಅಂತ ಗಿರೀಶ ಒಪ್ಪಿಕೊಂಡ.

ರಾತ್ರಿ ಎಂಟೂವರೆ. ಕರೆಂಟ್ ಹೋಗಿತ್ತು. ಅಂಗಡಿ ಮುಚ್ಚಿ ಕಾರನ್ನು ಶ್ರೀಗಂಧದ ಕಾವಲಿನ ಕಡೆ ಓಡಿಸಿದೆ. ಆಗ ಅಲ್ಲಿ ಬರೀ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ. ಹೊಸದಾಗಿ ಹಾಕಿದ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾಲ್ಕು ಸಲ ಧಡ್ ಅಂತ ತುಳಿದೆ. ನಾಲ್ಕು ಸಲವೂ ಕಾರು ಕಚ್ಚಿಕೊಂಡು ನಿಂತಿತು.

"ಥೂ, ಈ ಹೆಂಗಸಿನ ಕಾಟ" ಅಂತ ಬೈದುಕೊಂಡೇ ಗಾಡಿ ತಿರುಗಿಸಿದೆ. ಮುಂದೆ ಇಳಿಜಾರು. ಅದರ ತುದಿಯಲ್ಲಿ ಚರಂಡಿಗೆ ಅಂತ ತೋಡಿದ್ದ ಆಳದ ಗುಂಡಿ.

ಆಗ ಮೂಗಿಗೆ ಒಂದು ವಾಸನೆ ಬಡಿಯಿತು... ಬ್ರೇಕ್ ಕಾದರೆ ಬರುವ ಸುಟ್ಟ ವಾಸನೆಯಲ್ಲ. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದಾಗ ಬರುತ್ತದಲ್ಲ, ಅದು. ಗಾಜುಗಳೆಲ್ಲ ಏರಿಸಿದ್ದವು. ಹೊರಗಿನಿಂದ ಬರುವಂತಿರಲಿಲ್ಲ.

ಕಿರ್ರ್...

ಉದ್ದ ಸೀಟಿನ ಎಡಭಾಗ ಮೆಲ್ಲಗೆ ಕುಸಿಯಿತು. ಒಬ್ಬ ಮನುಷ್ಯ ಕೂತರೆ ಎಷ್ಟು ಕುಸಿಯಬೇಕೋ ಅಷ್ಟೇ. ಆ ಕುಸಿತಕ್ಕೆ ನನ್ನ ಮೈಯೂ ಅತ್ತ ವಾಲಿತು. ತಿರುಗಿ ನೋಡಿದೆ. ಯಾರೂ ಇಲ್ಲ.

ಬ್ರೇಕಿನ ಮೇಲೆ ಕಾಲಿಟ್ಟೆ, ಜೋರಾಗಿ ತುಳಿದು ನಿಲ್ಲಿಸಿ ಇಳಿದು ಓಡೋಣ ಅಂತ... ಅಷ್ಟರಲ್ಲಿ ನನ್ನ ಪಾದದ ಮೇಲೆ ಇನ್ನೊಂದು ಪಾದ ಬಂದು ಕೂತಿತು. ಬರಿಗಾಲು. ಒರಟಲ್ಲ, ಆದರೆ ಗಟ್ಟಿ. ನಾನು ತುಳಿಯಲು ಹೋದರೆ ತಡೆಯುತ್ತಿತ್ತು, ಎತ್ತಲು ಹೋದರೆ ಬಿಡುತ್ತಿರಲಿಲ್ಲ.

ಕಿವಿಯ ಹತ್ತಿರವೇ ಒಂದು ಪಿಸುದನಿ. "ಮೆತ್ತಗೆ... ಮೆತ್ತಗೆ ಒತ್ತಿ ನೋಡು."

ಆ ಪಾದ ನನ್ನ ಪಾದವನ್ನು ಹಗುರವಾಗಿ ಕೆಳಗೆ ಒತ್ತಿತು. ಪೆಡಲು ಇಳಿಯತೊಡಗಿತು. ಇಳಿಯಿತು... ಇಳಿಯಿತು... ನೆಲಕ್ಕೆ ತಾಗಿಬಿಟ್ಟಿತು. ಬ್ರೇಕೇ ಇಲ್ಲ! ಕಾರು ಗುಂಡಿಯ ಕಡೆ ಉರುಳುತ್ತಿತ್ತು. ಅಮ್ಮಾ ಅಂತ ಕಿರುಚಿದ್ದು ನೆನಪಿದೆ, ದನಿ ಹೊರಟಿತೋ ಇಲ್ಲವೋ ಗೊತ್ತಿಲ್ಲ.

"ಕಂಡ್ಯಾ?"

ಅಷ್ಟೇ ಕೇಳಿದ್ದು. ಕಾಲಿನ ಮೇಲಿನ ಭಾರ ಹೋಯಿತು. ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಮುಂದಿನ ಚಕ್ರದಿಂದ ಗುಂಡಿಯ ಅಂಚಿಗೆ ಒಂದು ಗೇಣು ಉಳಿದಿತ್ತು. ಎಡಗಡೆಯ ಸೀಟು ಮತ್ತೆ ಕಿರ್ ಅಂದು ಮೇಲೆದ್ದಿತು. ಬಾಗಿಲು ತೆಗೆದದ್ದು ಕೇಳಲಿಲ್ಲ.

ಫಸ್ಟ್ ಗೇರಿನಲ್ಲೇ ಹೇಗೋ ಗ್ಯಾರೇಜಿಗೆ ಬಂದು ಬಿದ್ದೆ. ಬೆಳಕು ಹರಿಯುತ್ತಿದ್ದ ಹಾಗೆ ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಪೆಡಲ್ ಒತ್ತಿದಾಗ ಆಯಿಲ್ಲನ್ನು ಚಕ್ರಗಳ ಕಡೆ ತಳ್ಳುವುದು ಅದೇ. ಅದರೊಳಗಿನ ರಬ್ಬರ್ ಕಪ್ಪಿನ ಅಂಚು ಸವೆದುಹೋಗಿತ್ತು. ಧಡ್ ಅಂತ ತುಳಿದರೆ ಆ ಅಂಚು ಅಗಲವಾಗಿ ಒತ್ತಿ ಹಿಡಿದುಕೊಳ್ಳುತ್ತದೆ. ಮೆತ್ತಗೆ ಒತ್ತಿದರೆ ಆಯಿಲ್ ಅದರ ಪಕ್ಕದಿಂದ ಒಳಗೊಳಗೇ ಹಿಂದಕ್ಕೆ ನುಸುಳುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಪ್ರತಿ ಸಲವೂ ನಾನು ತುಳಿದದ್ದು ಗಂಡಸಿನ ಜಂಭದಲ್ಲಿ. ಆ ಹೆಂಗಸು ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿತ್ತು.

ಹೊಸ ಕಪ್ ಹಾಕಿ ಜೋಡಿಸಿದೆ. ಒಂಬತ್ತಕ್ಕೆ ಇಬ್ಬರೂ ಬಂದರು. ಲೇತ್ ಅಂಗಡಿಯವರು ತಮಾಷೆ ನೋಡಲು ಬಾಗಿಲಿಗೆ ಬಂದು ನಿಂತರು.

ಸರೋಜಕ್ಕ ಗೇಟಿನ ಹತ್ತಿರವೇ ನಿಂತು ಕೇಳಿದರು. "ಹೇಳಿ ಅಣ್ಣ. ತಪ್ಪು ಬ್ರೇಕ್‌ದಾ, ನನ್ನ ಕಾಲಿಂದಾ?"

ಆಕೆಯ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಉತ್ತರ ಗೊತ್ತಿರುವವರ ಹಾಗೆ ನಿಂತಿದ್ದರು. ಒಂದೇ ಒಂದು ಮಾತು ಸಾಕಾಗಿತ್ತು. ಬ್ರೇಕ್‌ದು ಅಕ್ಕ, ನಾನೇ ಕುರುಡ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಿನ್ನೆ ನಕ್ಕವರೆಲ್ಲ ಅಲ್ಲೇ ಇದ್ದರಲ್ಲ... ಬ್ರೇಕ್ ನಂಜುಂಡನ ಹೆಸರು ಏನಾಗಬೇಕು?

"ಬ್ರೇಕು ಈಗ ಸರಿಯಿದೆ" ಅಂದೆ. "ಮುಂಚೆ... ಅದೂ ಸ್ವಲ್ಪ, ಕಾಲೂ ಸ್ವಲ್ಪ."

ಗಿರೀಶ ಕೀ ತೆಗೆದುಕೊಂಡ. ಸರೋಜಕ್ಕ ಬಸ್ ಸ್ಟಾಪಿನ ಕಡೆ ನಡೆದರು.

ಆಮೇಲೆ ಮೂರು ವರ್ಷ ಆಕೆಯನ್ನು ಬಸ್ಸುಗಳಲ್ಲಿ ನೋಡುತ್ತಿದ್ದೆ. ತಲೆಗಿಂತ ದೊಡ್ಡ ಗಂಟು ಹೊತ್ತು, ಕಂಡಕ್ಟರ್ ಹತ್ತಿರ ಬೈಸಿಕೊಂಡು ಹತ್ತುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ. ಒಂದು ದಿನ ತಡೆಯಲಾರದೆ ಚಂದ್ರಾ ಲೇಔಟಿನ ಅವರ ಮನೆಗೆ ಹೋದೆ. ಮಿಷನ್ ಮುಂದೆ ಕೂತು ಕಾಲರ್ ಹೊಲಿಯುತ್ತಿದ್ದರು.

"ಅಕ್ಕ, ಅವತ್ತು ತಪ್ಪು ಪೂರ್ತಿ ಬ್ರೇಕ್‌ದೇ. ನಿಮ್ಮ ಕಾಲಲ್ಲಿ ಏನೂ ಇರ್ಲಿಲ್ಲ. ನಾನೇ ಸುಳ್ಳು ಹೇಳ್ದೆ."

ಅವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಅಣ್ಣ. ಗೇಟ್ ಹತ್ರ ನಿಂತು ಕೇಳ್ದಾಗ್ಲೇ ಗೊತ್ತಿತ್ತು."

ಆ ರಾತ್ರಿಯ ವಿಷಯ ನಾನು ಹೆಂಡತಿಗೂ ಬಾಯಿಬಿಟ್ಟಿರಲಿಲ್ಲ.

"ಯಾರು ಹೇಳಿದ್ರು ಅಕ್ಕ?"

ಸರೋಜಕ್ಕ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದರು.

"ಕಾರಲ್ಲಿ ನಿಮ್ಮ ಪಕ್ಕದಲ್ಲಿ ಕೂತಿದ್ರಲ್ಲ, ಅವರೇ. ರಾತ್ರಿನೇ ಬಂದು ಹೇಳಿದ್ರು. 'ಅವನಿಗೆ ತೋರಿಸಿ ಬಂದಿದೀನಿ ಕಣೇ, ಒಳ್ಳೆ ಕೆಲಸಗಾರ, ನಾಳೆ ಅವನೇ ಹೇಳ್ತಾನೆ' ಅಂದ್ರು. ನಾನೂ ನಂಬ್ಕೊಂಡು ಬಂದಿದ್ದೆ."

ಅವರು ಇನ್ನೊಂದು ಕಾಲರ್ ತೆಗೆದುಕೊಂಡರು. ನಾನು ಹೊರಟೆ. ಮರುದಿನ ಗೇಟಿನ ಹತ್ತಿರ ನಾನು ಹಾಗೆ ಹೇಳಿದ ಮೇಲೆ ಆಕೆಯ ಯಜಮಾನರು ಮತ್ತೆ ಬಂದರಾ, ನನ್ನ ಬಗ್ಗೆ ಏನಂದರು ಅಂತ ಕೇಳಬೇಕೆನಿಸಿತು. ಬಾಗಿಲವರೆಗೆ ಹೋಗಿ ತಿರುಗಿಯೂ ನಿಂತೆ. ಧೈರ್ಯ ಬರಲಿಲ್ಲ... ಇವತ್ತಿಗೂ ಬಂದಿಲ್ಲ.